ಜಿಮ್ ಆಬಟ್ಟೂ ನಮ್ಮ ಹಾಸ್ಟೆಲ್ಲಿನ ಸ್ಕೋರರ್ರೂ

ಹಳೇ ವಿದ್ಯಾರ್ಥಿಗಳ ನೆನಪು ಅಂತ ಏನಾದ್ರೂ ಬರ್ದು ಕಳ್ಸಿ ಸಾರ್ ಅಂತ ಮ್ಯಾಗಝೀನಿನ ಈಗಿನ ಎಡಿಟರ್ ಹುಡುಗಿ ಮೂರು ಸಲ ಮೆಸೇಜ್ ಹಾಕಿದಾಳೆ, ಎರಡು ಸಲ "ಈ ವಾರ ಖಂಡಿತ" ಅಂತ ಸುಳ್ಳು ಹೇಳಿ ತಪ್ಪಿಸ್ಕೊಂಡೆ. ಮೆಸ್ಸಿನ ನೀರು ಸಾರು, ರಾತ್ರೋರಾತ್ರಿ ಚಾಮುಂಡಿ ಬೆಟ್ಟ ಹತ್ತಿದ್ದು, ವರ್ಕ್‌ಶಾಪಲ್ಲಿ ಫೈಲಿಂಗ್ ಮಾಡಿ ಮಾಡಿ ಅಂಗೈ ಬೊಬ್ಬೆ ಎದ್ದಿದ್ದು, ಇದನ್ನೆಲ್ಲ ನಮ್ಮ ಬ್ಯಾಚಿನೋರು ಹಿಂದಿನ ಸಂಚಿಕೆಗಳಲ್ಲೇ ಬರ್ದು ಮುಗ್ಸಿಬಿಟ್ಟಿದಾರೆ, ನನಗೇನೂ ಉಳಿಸಿಲ್ಲ. ಅದಕ್ಕೆ ನಾನು ಬೇಸ್‌ಬಾಲ್ ಆಡ್ತಿದ್ದ ಒಬ್ಬ ಅಮೆರಿಕದೋನ ಬಗ್ಗೆ ಬರೀತೀನಿ. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನ ಮ್ಯಾಗಝೀನಲ್ಲಿ ಇದೆಂಥ ಬೇಸ್‌ಬಾಲ್ ಅಂತ ಪ್ರಿನ್ಸಿಪಾಲರು ಕೇಳಿದ್ರೆ ಸ್ವಲ್ಪ ತಾಳಿ ಅಂತ ಹೇಳಮ್ಮ.

ನಾವಿದ್ದಿದ್ದು 1981ರಿಂದ 1985. ಹಾಸ್ಟೆಲ್ ಹಿಂದಿನ ಬಯಲಲ್ಲಿ ದಿನಾ ಸಂಜೆ ಟೆನ್ನಿಸ್ ಬಾಲ್ ಕ್ರಿಕೆಟ್ಟು, ವಿಕೆಟ್ಟಿಗೆ ಮೆಸ್ಸಿನ ಎಣ್ಣೆ ಡಬ್ಬ. ಎಲ್ಲರೂ ಚಂದ್ರನ ಭಕ್ತರು. ಬಿ.ಎಸ್. ಚಂದ್ರಶೇಖರ್ ಹುಟ್ಟಿದ್ದೇ ಮೈಸೂರಲ್ಲಿ, ಹಂಗಾಗಿ ಅವರು ನಮ್ಮ ಮನೆ ಮಗ ಅನ್ನೋ ಥರ ಮಾತಾಡ್ತಿದ್ವಿ. ಚಿಕ್ಕೋರಿದ್ದಾಗ ಪೋಲಿಯೋ ಬಂದು ಬಲಗೈ ಸಣಕಲಾಯ್ತು, ಫೀಲ್ಡಿಂಗ್ ಮಾಡಿ ಬಾಲ್ ಎಸೀತಿದ್ದಿದ್ದು ಎಡಗೈಲಿ, ಆದ್ರೆ ಬೌಲಿಂಗ್ ಮಾತ್ರ ಅದೇ ಸಣಕಲು ಬಲಗೈಲಿ, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನ 101ಕ್ಕೆ ಮಲಗಿಸಿದ್ದು, ಒಟ್ಟು 58 ಟೆಸ್ಟಲ್ಲಿ 242 ವಿಕೆಟ್ಟು, ಹೊಡೆದ ರನ್ನು ಮಾತ್ರ 167, ಅಂದ್ರೆ ರನ್ನಿಗಿಂತ ವಿಕೆಟ್ಟೇ ಜಾಸ್ತಿ! ಇದೆಲ್ಲ ನಮಗೆ ಮಗ್ಗಿ ಥರ ಬಾಯಿಪಾಠ.

ಈ ಲೆಕ್ಕಗಳನ್ನ ತಪ್ಪಿಲ್ಲದೆ ಹೇಳ್ತಿದ್ದೋನು ನಮ್ಮ ಸ್ಕೋರರ್ರು. ಹೆಸರು ಬರೆಯಲ್ಲ, ನಮ್ಮ ಬ್ಯಾಚಿನೋರಿಗೆ ಗೊತ್ತಾಗುತ್ತೆ. ನಂಜನಗೂಡು ಕಡೆ ಹಳ್ಳಿಯೋನು, ಅವನಿಗೂ ಪೋಲಿಯೋ, ಎಡಗಾಲಿಗೆ ಕ್ಯಾಲಿಪರ್ ಹಾಕ್ತಿದ್ದ. ಫಸ್ಟ್ ಇಯರ್ ಮೊದಲ್ನೇ ವಾರ ಆಟ ನೋಡೋಕೆ ಬಂದು ನಿಂತಿದ್ದ, ಯಾರೋ ಒಬ್ರು "ಗುರು, ನೀನು ಸ್ಕೋರ್ ಬರಿ" ಅಂದ್ರು, ಅಷ್ಟೇ, ನಾಲ್ಕು ವರ್ಷ ಅವನೇ ಬರೆದ. ಇನ್ನೂರು ಪೇಜಿನ ಉದ್ದ ನೋಟ್‌ಬುಕ್ಕಿಗೆ ಸ್ಕೇಲಲ್ಲಿ ಗೀಟು ಹಾಕಿ, ಪೆನ್ಸಿಲ್ಲಲ್ಲಿ ಒಂದೊಂದು ಬಾಲಿಗೂ ಚುಕ್ಕಿ ಇಟ್ಟು, ಆಮೇಲೆ ರೂಮಲ್ಲಿ ಕೂತು ಇಂಕಲ್ಲಿ ತಿದ್ದಿ, ಎಣ್ಣೆ ಡಬ್ಬದ ಕ್ರಿಕೆಟ್ಟಿಗೆ ಅಷ್ಟು ಮರ್ಯಾದೆ ಇನ್ಯಾರೂ ಕೊಟ್ಟಿಲ್ಲ. ಜಗಳ ಬಂದ್ರೆ ಅವನ ಪುಸ್ತಕ ನೋಡಿ ತೀರ್ಮಾನ. ಅವನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ವಿ ಅಂತ ನಮಗೆ ಒಳಗೊಳಗೇ ಹೆಮ್ಮೆನೂ ಇತ್ತು.

1986 ಆಗಸ್ಟಲ್ಲಿ ನಾನು ಎಂ.ಎಸ್. ಮಾಡೋಕೆ ಮಿಶಿಗನ್ ಯೂನಿವರ್ಸಿಟಿಗೆ ಹೋದೆ, ಆನ್ ಆರ್ಬರ್ ಅಂತ ಊರು. ಚಳಿ ಬಗ್ಗೆ ಬರೆಯಲ್ಲ, ಅಮೆರಿಕಕ್ಕೆ ಹೋದೋರೆಲ್ಲ ಅದನ್ನೇ ಬರೀತಾರೆ. ಲ್ಯಾಬಲ್ಲಿ ನನ್ನ ಪಕ್ಕದ ಟೇಬಲ್ಲಿನ ಅಮೆರಿಕನ್ ಹುಡುಗ ಮುಂದಿನ ಏಪ್ರಿಲ್ಲಲ್ಲಿ ಒಂದಿನ, ಬಾ ನಮ್ಮ ಕಾಲೇಜ್ ಟೀಮಿನ ಬೇಸ್‌ಬಾಲ್ ಮ್ಯಾಚಿದೆ, ಒಬ್ಬ ಪಿಚರ್‌ನ (ಅವರ ಬೌಲರ್ ಅನ್ಕೊಳ್ಳಿ) ತೋರಿಸ್ತೀನಿ ಅಂತ ಎಳ್ಕೊಂಡು ಹೋದ. ರೇ ಫಿಶರ್ ಸ್ಟೇಡಿಯಂ ಅಂತ, ದೊಡ್ಡದೇನಲ್ಲ. ಎರಡು ಸ್ವೆಟರು ಹಾಕಿ, ಊರಿಂದ ತಂದಿದ್ದ ಮಂಕಿ ಕ್ಯಾಪ್ ಹಾಕಿ ಮೆಟ್ಟಿಲಲ್ಲಿ ಕೂತೆ, ಸುತ್ತಮುತ್ತ ಇದ್ದೋರು ಆಟಕ್ಕಿಂತ ನನ್ನನ್ನೇ ಜಾಸ್ತಿ ನೋಡಿರ್ಬೇಕು.

ಬೇಸ್‌ಬಾಲ್ ಬಗ್ಗೆ ನನಗಿದ್ದ ಅಭಿಪ್ರಾಯ ಏನಪ್ಪಾ ಅಂದ್ರೆ ಎಲ್ಲಾ ಫುಲ್ ಟಾಸೇ ಹಾಕ್ತಾರೆ, ಪಿಚ್ಚೇ ಇಲ್ಲ, ಸ್ಪಿನ್ ಇಲ್ಲ, ಇದ್ರಲ್ಲೇನಿದೆ ಮಣ್ಣು. ಆಮೇಲೆ ಗೊತ್ತಾಯ್ತು, ನಮ್ಮ ಕ್ರಿಕೆಟ್ ಪಿಚ್ಚು 66 ಅಡಿ ಆದ್ರೆ ಇಲ್ಲಿ ಪಿಚರ್ ನಿಲ್ಲೋ ಜಾಗದಿಂದ ಬ್ಯಾಟ್ ಮಾಡೋನ ಹತ್ರ ಇರೋ ಪ್ಲೇಟಿಗೆ 60 ಅಡಿ 6 ಇಂಚು, ಬಾಲ್ ನೆಲಕ್ಕೆ ಬೀಳದೆ ಗಾಳೀಲೇ ತಿರುಗ್ಬೇಕು, ಎಸೆದಾದ್ಮೇಲೆ ಬ್ಯಾಟರ್ ಎದುರಿಗಿರೋರಲ್ಲಿ ಪಿಚರ್ರೇ ಎಲ್ಲರಿಗಿಂತ ಹತ್ರದ ಫೀಲ್ಡರ್ರು, ಬ್ಯಾಟಿಗೆ ಸರಿಯಾಗಿ ಸಿಕ್ಕಿದ ಬಾಲ್ ಅವನ ಮುಖಕ್ಕೇ ಬರುತ್ತೆ. ಅದಕ್ಕೇ ಇನ್ನೊಂದು ಕೈಲಿ ಚರ್ಮದ ದೊಡ್ಡ ಗ್ಲೌಸ್ ಇರೋದು.

ಪಿಚ್ ಮಾಡೋಕೆ ಬಂದ ಹುಡುಗ ಎತ್ತರಕ್ಕಿದ್ದ, ಎಡಗೈ ಆಟಗಾರ. ಬಲಗಡೆ ಮುಂಗೈ ಸಣ್ಣಗಾಗ್ತಾ ಹೋಗಿ ಅಲ್ಲಿಗೇ ಮುಗಿದಿತ್ತು, ಹಸ್ತ ಇಲ್ಲ. ಹುಟ್ಟಿದ್ದೇ ಹಂಗೆ. ಗ್ಲೌಸನ್ನ ಆ ಬಲಗೈ ತುದಿಗೆ ಸುಮ್ನೆ ತಗುಲಿಹಾಕ್ಕೊಂಡಿದ್ದ, ಎಡಗೈಲಿ ಬಾಲ್ ಎಸೆದ, ಎಸೆದು ಕಾಲು ನೆಲಕ್ಕೆ ಬರೋಷ್ಟರಲ್ಲಿ ಎಡಗೈ ಗ್ಲೌಸ್ ಒಳಗೆ ಹೋಗಿಬಿಟ್ಟಿತ್ತು, ಈಗವನು ಕ್ಯಾಚಿಗೆ ರೆಡಿ. ಬಾಲ್ ಅವನ ಕಡೆ ಬಂತು, ಹಿಡಿದ, ಗ್ಲೌಸನ್ನ ಬಲ ಕಂಕುಳಲ್ಲಿ ಅವುಚಿಕೊಂಡ, ಎಡಗೈಯನ್ನ ಬಾಲ್ ಸಮೇತ ಹೊರಗೆ ಎಳ್ದ, ಫಸ್ಟ್ ಬೇಸಿಗೆ (ಬ್ಯಾಟರ್ ಓಡಿ ಮುಟ್ಬೇಕಾದ ಮೊದಲ್ನೇ ಜಾಗ) ಎಸ್ದ, ಔಟ್. ನಾನು ಇದನ್ನ ಬರೆಯೋಕೆ ತಗೊಂಡ ಟೈಮಲ್ಲಿ ಅವನು ಇಪ್ಪತ್ತು ಸಲ ಮಾಡಿರ್ತಿದ್ದ. ಮೊದಲ್ನೇ ಇನ್ನಿಂಗ್ಸ್ ಪೂರ್ತಿ ನಾನು ಆಟ ನೋಡ್ಲೇ ಇಲ್ಲ, ಬರೀ ಗ್ಲೌಸ್ ನೋಡ್ತಿದ್ದೆ. ನಾಲ್ಕನೇ ಇನ್ನಿಂಗ್ಸ್ ಹೊತ್ತಿಗೆ ಗ್ಲೌಸ್ ಕಣ್ಣಿಗೆ ಬೀಳೋದು ನಿಂತೋಯ್ತು, ಬಲಗೈ ಬ್ಯಾಟರ್‌ಗಳ ಹಿಡಿ ಕಡೆ ಕೊನೇ ಗಳಿಗೇಲಿ ಸರಕ್ಕಂತ ಒಳಗೆ ನುಗ್ತಿದ್ದ ಬಾಲ್ ಒಂದೇ ಕಾಣ್ತಿತ್ತು. ಕಟ್ ಫಾಸ್ಟ್‌ಬಾಲ್ ಅಂತಾರೆ ಅದನ್ನ, ಕಟ್ಟರ್ರು. ಅವನ ಅನ್ನ ಅದೇ.

ಹೆಸರು ಜಿಮ್ ಆಬಟ್. ಅಲ್ಲೇ ಹತ್ತಿರದ ಫ್ಲಿಂಟ್ ಅನ್ನೋ ಕಾರು ಫ್ಯಾಕ್ಟರಿಗಳ ಊರಿನೋನು, ಹುಟ್ಟಿದ್ದು 1967ರ ಸೆಪ್ಟೆಂಬರಲ್ಲಿ, ಆಗ ಅಪ್ಪ ಅಮ್ಮ ಇನ್ನೂ ಹದಿಹರೆಯದವರು. ಚಿಕ್ಕೋನಿದ್ದಾಗ ಕಬ್ಬಿಣದ ಕೊಕ್ಕೆ ಇರೋ ಕೃತಕ ಕೈ ಹಾಕ್ಸಿದ್ರು, ಬೇರೆ ಮಕ್ಕಳು ಹೆದರ್ಕೋತಿದ್ರು, ಸ್ವಲ್ಪ ದಿನಕ್ಕೇ ಇದು ನಂಗೆ ಬೇಡ ಅಂತ ಬಿಸಾಕ್ದ. ಆಮೇಲೆ ಇಟ್ಟಿಗೆ ಗೋಡೆಗೆ ಬಾಲ್ ಎಸೆಯೋದು, ವಾಪಸ್ ಬರೋಷ್ಟರಲ್ಲಿ ಗ್ಲೌಸ್ ಬದಲಾಯಿಸೋದು, ಅಭ್ಯಾಸ ಆದಂಗೆ ಆದಂಗೆ ಗೋಡೆಗೆ ಇನ್ನೊಂದು ಹೆಜ್ಜೆ ಹತ್ರ ಹೋಗೋದು. ದಿನಾ ಇದೇ ಕೆಲ್ಸ. ಹೈಸ್ಕೂಲಲ್ಲಿ ಪಿಚರ್ ಅಲ್ದೆ ಬ್ಯಾಟಿಂಗೂ ಮಾಡ್ತಿದ್ದ, ಅದ್ರ ಮೇಲೆ ಅಮೆರಿಕನ್ ಫುಟ್‌ಬಾಲಲ್ಲಿ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ಬೇರೆ. 1985ರಲ್ಲಿ ಟೊರಾಂಟೋ ಟೀಮಿನೋರು ಡ್ರಾಫ್ಟಲ್ಲಿ (ದೊಡ್ಡ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು) 36ನೇ ರೌಂಡಲ್ಲಿ ಇವನ ಹೆಸರು ಕೂಗಿದ್ರು, ಅದು ಮದುವೇಲಿ ಕೊನೇ ಪಂಕ್ತಿಗೆ ಕರೆದಂಗೆ, ಬೇಡ ಅಂದು ಮಿಶಿಗನ್‌ಗೆ ಬಂದ.

ಇಲ್ಲಿ ಬಂಟ್ ಅಂದ್ರೇನು ಅಂತ ಹೇಳ್ಬೇಕು, ಯಾಕಂದ್ರೆ ನನ್ನ ಕಥೆ ನಿಂತಿರೋದೇ ಅದ್ರ ಮೇಲೆ. ಬ್ಯಾಟ್ ಬೀಸದೆ ಸುಮ್ನೆ ಅಡ್ಡ ಹಿಡಿದು ಬಾಲನ್ನ ಪಿಚರ್ ಮುಂದೆ ಹತ್ತಡಿ ಇಪ್ಪತ್ತಡಿ ದೂರದಲ್ಲಿ ಸಾಯಿಸೋದು, ಅವನು ಓಡಿ ಬಂದು ಬಗ್ಗಿ ಎತ್ತಿ ಎಸೆಯೋಷ್ಟರಲ್ಲಿ ಬೇಸಿಗೆ ಓಡೋದು. ಒಂದೇ ಕೈ ಇರೋ ಪಿಚರ್ರಿಗೆ ಎದುರಾಳಿ ಏನ್ ಮಾಡ್ತಾನೆ ಹೇಳಿ? ಬಂಟ್ ಮಾಡ್ತಾನೆ. ಅವನು ಸ್ಕೂಲಲ್ಲಿದ್ದಾಗ ಒಂದು ಟೀಮಿನೋರು ಸಾಲಾಗಿ ಒಬ್ಬನಾದ್ಮೇಲೆ ಒಬ್ಬ ಬಂಟ್ ಮಾಡಿದ್ರಂತೆ, ಮೊದಲ್ನೇಯವನು ಬಚಾವಾದ, ಮಿಕ್ಕಿದೋರೆಲ್ಲ ಔಟ್. ಈ ಕಥೆನ ಪಕ್ಕದ ಹುಡುಗ ಹೇಳಿದಾಗ ನನಗೆ ಮೈಯೆಲ್ಲ ಉರಿದೋಯ್ತು, ಎಂಥ ನೀಚರಪ್ಪಾ, ಕೈ ಇಲ್ದೋನ ಮೇಲೆ ಇಂಥ ಆಟ ಆಡ್ತಾರಲ್ಲ ಅಂದೆ. ಅವನು ನನ್ನ ಮುಖ ನೋಡ್ದ. ಗೆಲ್ಲೋಕೆ ತಾನೇ ಬಂದಿರೋದು ಅಂದ. ಆಗ ಅದು ನನ್ನ ತಲೆಗೆ ಹೋಗ್ಲಿಲ್ಲ.

ಎರಡು ವರ್ಷ ನಾನು ಅವನ ಮ್ಯಾಚ್ ತಪ್ಪಿಸ್ಲಿಲ್ಲ, ಥೀಸಿಸ್ ತಪ್ಪಿಸ್ದೆ. ಮೂರು ಸೀಸನ್ ಸೇರಿ ಮಿಶಿಗನ್‌ಗೆ 26 ಗೆಲುವು, 8 ಸೋಲು. 1987ರಲ್ಲಿ ಅಮೆರಿಕ ಟೀಮಿನ ಜೊತೆ ಹವಾನಾಗೆ ಹೋಗಿ ಕ್ಯೂಬಾನ ಅವರ ಮನೆ ಅಂಗಳದಲ್ಲೇ ಸೋಲಿಸ್ದ, 25 ವರ್ಷದಲ್ಲಿ ಯಾವ ಅಮೆರಿಕನ್ ಪಿಚರ್ರೂ ಅಲ್ಲಿ ಗೆದ್ದಿರ್ಲಿಲ್ಲ. ಅದೇ ವರ್ಷ ಪ್ಯಾನ್ ಅಮೆರಿಕನ್ ಗೇಮ್ಸಲ್ಲಿ ದೇಶದ ಧ್ವಜ ಹಿಡಿದು ಮುಂದೆ ನಡೆದೋನು ಅವನೇ, ದೇಶದ ಅತ್ಯುತ್ತಮ ಅಮೆಚೂರ್ ಆಟಗಾರನಿಗೆ ಕೊಡೋ ಸಲಿವನ್ ಪ್ರಶಸ್ತಿನೂ ಬಂತು, ಬೇಸ್‌ಬಾಲಿನೋರಿಗೆ ಅದು ಮೊದಲ್ನೇ ಸಲ. 1988ರ ಸೋಲ್ ಒಲಿಂಪಿಕ್ಸಲ್ಲಿ ಬೇಸ್‌ಬಾಲ್ ಬರೀ ಪ್ರದರ್ಶನದ ಆಟ, ಆದ್ರೂ ಫೈನಲ್ಲಲ್ಲಿ ಜಪಾನ್ ಮೇಲೆ ಪೂರ್ತಿ 9 ಇನ್ನಿಂಗ್ಸ್ ತಾನೇ ಎಸೆದು 5-3ರಲ್ಲಿ ಗೆಲ್ಸಿದ. ಆ ಬೆಳಗಿನ ಜಾವ ನಾವು ನಾಲ್ಕು ಜನ ದೇಸಿಗಳು ಉಪ್ಪಿಟ್ಟು ಮಾಡ್ಕೊಂಡು ಕೂಗಾಡ್ತಿದ್ವಿ, ಕೆಳಗಿನ ಮನೆಯೋನು ಪೊರಕೆ ಕಡ್ಡೀಲಿ ಸೀಲಿಂಗ್ ಕುಟ್ಟಿದ.

ಆ ವರ್ಷದ ಡ್ರಾಫ್ಟಲ್ಲಿ ಕ್ಯಾಲಿಫೋರ್ನಿಯಾ ಏಂಜಲ್ಸ್‌ನೋರು ಇಡೀ ದೇಶಕ್ಕೆ 8ನೇಯವನಾಗಿ ಅವನನ್ನ ಆರಿಸ್ಕೊಂಡ್ರು. ಸಾಮಾನ್ಯವಾಗಿ ಹೊಸಬರನ್ನ ಎರಡು ಮೂರು ವರ್ಷ ಸಣ್ಣಪುಟ್ಟ ಊರಿನ ಮೈನರ್ ಲೀಗಲ್ಲಿ ಬಸ್ಸಲ್ಲಿ ಅಲೆಸ್ತಾರೆ, ಇವನನ್ನ 1989ರ ಏಪ್ರಿಲ್ಲಲ್ಲಿ ಸೀದಾ ಮೇಜರ್ ಲೀಗಿಗೇ ಇಳಿಸಿದ್ರು. ಮೊದಲ್ನೇ ಮ್ಯಾಚು ಸಿಯಾಟಲ್ ಮೇಲೆ, ಸೋತ. ವರ್ಷದ ಕೊನೆಗೆ 12 ಗೆಲುವು 12 ಸೋಲು, ಸರ್ಕಸ್ಸಿಗೆ ಕರ್ಕೊಂಡು ಬಂದಿದಾರೆ ಅಂತ ನಕ್ಕಿದ್ದೋರು ಬಾಯ್ಮುಚ್ಚಿದ್ರು. 1991ರಲ್ಲಿ 18 ಗೆಲುವು, ಇಆರ್‌ಎ 2.89 (ಅಂದ್ರೆ 9 ಇನ್ನಿಂಗ್ಸಿಗೆ ಸರಾಸರಿ ಎಷ್ಟು ರನ್ ಬಿಟ್ಟ ಅನ್ನೋ ಲೆಕ್ಕ, ನಮ್ಮ ಬೌಲಿಂಗ್ ಆವರೇಜ್ ಥರ ಕಮ್ಮಿ ಇದ್ದಷ್ಟೂ ಒಳ್ಳೇದು), ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಓಟಿಂಗಲ್ಲಿ 3ನೇ ಸ್ಥಾನ. 1992ರಲ್ಲಿ ಇಆರ್‌ಎ ಇನ್ನೂ ಚೆನ್ನಾಗಿ 2.77, ಆದ್ರೆ ಗೆದ್ದಿದ್ದು 7, ಸೋತಿದ್ದು 15, ಯಾಕಂದ್ರೆ ಅವನ ಟೀಮಿನೋರು ರನ್ನೇ ಹೊಡೀಲಿಲ್ಲ. ಆ ಡಿಸೆಂಬರಲ್ಲಿ ಅವನನ್ನ ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟುಬಿಟ್ರು.

ಎಲ್ಲಿಗೆ ಹೋದ್ರೂ ಕೈಯೋ ಬೆರಳೋ ಇಲ್ಲದ ಮಕ್ಕಳನ್ನ ಕರ್ಕೊಂಡು ಅಪ್ಪ ಅಮ್ಮಂದಿರು ಸ್ಟೇಡಿಯಮ್ಮಲ್ಲಿ ಕಾಯ್ತಿದ್ರಂತೆ, ಮ್ಯಾಚಿಗೆ ಮುಂಚೆ ಅವರ ಹತ್ರ ಹೋಗಿ ಮಾತಾಡ್ಸಿ ಬರೋನು, ಕಾಗದ ಬರೆದ ಮಕ್ಕಳಿಗೆ ಉತ್ತರ ಬರೆಯೋನು. ಪೇಪರ್ನೋರು ಬರೀ ಇದನ್ನೇ ಬರೆಯೋರು, ಕಟ್ಟರ್ ಬಗ್ಗೆ ಒಂದು ಸಾಲು ಬರೆಯೋರಲ್ಲ. ನನಗೆ ಅದು ಸಿಟ್ಟು.

ಅಷ್ಟರಲ್ಲಿ ನಾನೂ ಕೆಲಸ ಸಿಕ್ಕಿ ನ್ಯೂಜರ್ಸಿಗೆ ಬಂದಿದ್ದೆ, ಮದುವೆನೂ ಆಗಿತ್ತು. 1993ರ ಸೆಪ್ಟೆಂಬರ್ 4, ಶನಿವಾರ, ಯಾಂಕಿ ಸ್ಟೇಡಿಯಮ್ಮಲ್ಲಿ ಕ್ಲೀವ್‌ಲ್ಯಾಂಡ್ ಮೇಲೆ ಆಬಟ್ ಪಿಚ್ ಮಾಡೋ ದಿನ. ಆರು ದಿನದ ಹಿಂದೆ ಇದೇ ಕ್ಲೀವ್‌ಲ್ಯಾಂಡ್ ಟೀಮು ಆಬಟ್‌ನ ಬಟ್ಟೆ ಒಗೆದಂಗೆ ಒಗೆದಿತ್ತು, ನಾಲ್ಕು ಇನ್ನಿಂಗ್ಸೂ ಪೂರ್ತಿ ನಿಲ್ಲದೆ 7 ರನ್ ಬಿಟ್ಟಿದ್ದ, ಸಿಟ್ಟಿಗೆ ಮ್ಯಾಚ್ ಮುಗಿಯೋ ಮೊದ್ಲೇ ಸ್ಟೇಡಿಯಂ ಬಿಟ್ಟು ರೋಡಲ್ಲಿ ಓಡೋಕೆ ಹೋಗಿದ್ದನಂತೆ. ಹಂಗಾಗಿ ನನಗೂ ದೊಡ್ಡ ಆಸೆ ಏನಿರ್ಲಿಲ್ಲ. ಹೆಂಡತಿ, ಅತ್ತೆ, ಎಳೇ ಮಗು ಎಲ್ಲರನ್ನೂ ಕರ್ಕೊಂಡು ಫ್ಲಶಿಂಗ್ ಗಣೇಶನ ದೇವಸ್ಥಾನಕ್ಕೆ ಹೋಗಿದ್ವಿ, ಹೋಗ್ತಾ ಕಾರಲ್ಲಿ ರೇಡಿಯೋ ಹಾಕಿದ್ದೆ, ಇನ್ನೂ ಒಂದೂ ಹಿಟ್ ಆಗಿಲ್ಲ. ನೀವೆಲ್ಲ ಒಳಗೆ ಹೋಗಿರಿ, ಪಾರ್ಕಿಂಗ್ ಹುಡುಕಿ ಬರ್ತೀನಿ ಅಂದೆ. ಪಾರ್ಕಿಂಗ್ ಎರಡೇ ನಿಮಿಷಕ್ಕೆ ಸಿಕ್ತು. ನಾನು ಕಾರಿಂದ ಇಳೀಲಿಲ್ಲ.

ಹಿಟ್ ಅಂದ್ರೆ ಬಾಲ್ ಹೊಡೆದು ಔಟಾಗದೆ ಬೇಸ್ ಸೇರೋದು, ನೋ-ಹಿಟ್ಟರ್ ಅಂದ್ರೆ 9 ಇನ್ನಿಂಗ್ಸಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೇ ಇರೋದು. ಏಳನೇ ಇನ್ನಿಂಗ್ಸಲ್ಲಿ ಆಲ್ಬರ್ಟ್ ಬೆಲ್ ಹೊಡೆದಿದ್ದನ್ನ ವೇಡ್ ಬಾಗ್ಸ್ ಹಾರಿ ಹಿಡ್ದ, ನಾನು ಸ್ಟಿಯರಿಂಗ್ ಹಿಡ್ಕೊಂಡೆ. ಒಂಬತ್ತನೇ ಇನ್ನಿಂಗ್ಸ್ ಶುರು, ಮೊದಲ್ನೇ ಬ್ಯಾಟರ್ ಕೆನ್ನಿ ಲಾಫ್ಟನ್, ಚಿರತೆ ಥರ ಓಡೋನು, ಅವನು ಬಂಟ್ ಮಾಡೋಕೆ ಹೋದ! ಬಾಲ್ ಗೆರೆಯಾಚೆ ಹೋಗಿ ಫೌಲ್ ಆಯ್ತು, ಇಡೀ ಯಾಂಕಿ ಸ್ಟೇಡಿಯಂ ಅವನಿಗೆ ಬೂ ಅಂತ ಉಗೀತು, ಕಾರೊಳಗೆ ಒಬ್ನೇ ಕೂತು ನಾನೂ ಕನ್ನಡದಲ್ಲಿ ಉಗ್ದೆ. ಆಮೇಲೆ ಅವನು ಸೆಕೆಂಡ್ ಬೇಸ್ ಕಡೆ ಹೊಡೆದು ಔಟಾದ. ಫರ್ಮೀನ್ ದೂರಕ್ಕೆ ಎತ್ತಿದ, ಬರ್ನಿ ವಿಲಿಯಮ್ಸ್ ಓಡಿ ಹೋಗಿ ಹಿಡ್ದ. ಕೊನೆಗೆ ಕಾರ್ಲೋಸ್ ಬಾಯೆರ್ಗ, ಶಾರ್ಟ್‌ಸ್ಟಾಪ್ (ಸೆಕೆಂಡ್ ಥರ್ಡ್ ಬೇಸ್ ಮಧ್ಯೆ ನಿಲ್ಲೋ ಫೀಲ್ಡರ್) ಕಡೆ ನೆಲದ ಮೇಲೆ ಬಾಲು, ವೆಲಾರ್ಡೆ ಎತ್ತಿ ಫಸ್ಟ್ ಬೇಸಲ್ಲಿದ್ದ ಮ್ಯಾಟಿಂಗ್ಲಿಗೆ ಎಸ್ದ, ಮುಗೀತು, 4-0. ನಾನು ದೇವಸ್ಥಾನದೊಳಗೆ ಹೋಗೋಷ್ಟರಲ್ಲಿ ಮಂಗಳಾರತಿ ಆಗಿ ಪ್ರಸಾದದ ಪಾತ್ರೆನೂ ತೊಳೀತಿದ್ರು. ಅತ್ತೆ ಮಾತಾಡ್ಸಲಿಲ್ಲ. ಹೆಂಡತಿ ಮಾತಾಡ್ಸಿದ್ಳು, ಅದೇ ಜಾಸ್ತಿ ಕಷ್ಟ ಆಯ್ತು.

ಮಾರನೇ ದಿನದ ಪೇಪರಿನ ಸ್ಕೋರ್ ಕತ್ತರಿಸಿ, ನಾಲ್ಕು ಪುಟ ಕಾಗದ ಬರ್ದು, ಸ್ಕೋರರ್‌ಗೆ ಪೋಸ್ಟ್ ಮಾಡ್ದೆ. ಅವನಾಗ ಕೆ.ಇ.ಬಿ.ಯಲ್ಲಿ ಇಂಜಿನಿಯರ್ರು. ಯಾಕೆ ಅವನಿಗೇ ಬರೆದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕೈ ಇಲ್ಲದೋನ ಸಾಧನೆ, ಮನಸ್ಸಿದ್ರೆ ಮಾರ್ಗ, ನಮ್ಮ ಚಂದ್ರನ ಥರ, ಹಂಗೆ ಹಿಂಗೆ ಅಂತ ಗೀಚಿದ್ದೆ. ಲಾಫ್ಟನ್ ಬಂಟ್ ಮಾಡಿದ್ದನ್ನ ಅರ್ಧ ಪುಟ ಬೈದಿದ್ದೆ.

ಒಂದು ತಿಂಗಳಾದ್ಮೇಲೆ ಏರೋಗ್ರಾಂ ಬಂತು. ಕೈ ಬಗ್ಗೆ ಒಂದಕ್ಷರ ಇಲ್ಲ. ಕೊನೇ ಔಟಿಗೆ 6-3 ಅಂತ ಬರ್ದಿದೀಯ, 6 ಅಂದ್ರೆ ಶಾರ್ಟ್‌ಸ್ಟಾಪ್, 3 ಅಂದ್ರೆ ಫಸ್ಟ್ ಬೇಸ್‌ನೋನಾ? ಪಿಚರ್ರಿಗೆ ನಂಬರ್ 1 ಕೊಟ್ಟಿರೋದು ಸರಿ ಇದೆ. ಆದ್ರೆ ಐದು ವಾಕ್ (ಕೆಟ್ಟ ಬಾಲ್ ಹಾಕಿ ಬಿಟ್ಟಿ ಬೇಸ್ ಕೊಡೋದು) ಕೊಟ್ಟಿದಾನೆ, ಮೂರೇ ಸ್ಟ್ರೈಕೌಟು (ಪಿಚರ್ ತಾನೇ ಬ್ಯಾಟರ್‌ನ ಔಟ್ ಮಾಡೋದು), ಇದನ್ನ ಇಷ್ಟು ದೊಡ್ಡದು ಮಾಡ್ತಾರಲ್ಲ, ಐದು ವೈಡ್ ಹಾಕಿ ಮೇಡನ್ ಓವರ್ ಅಂದಂಗಾಯ್ತು. ಹಿಂಗೇ ಮುಕ್ಕಾಲು ಕಾಗದ. ಕೊನೇಲಿ ಮಡಿಸೋ ಅಂಚಲ್ಲಿ ಸಣ್ಣಕ್ಷರದಲ್ಲಿ: "ಆ ಲಾಫ್ಟನ್ ಮಾಡಿದ್ದೇ ಸರಿ ಕಣೋ. ಎದುರಿಗಿರೋನು ಬೌಲರ್ ಅಂತ ತಿಳ್ಕೊಂಡು ಆಡಿದಾನೆ. ನಾಲ್ಕು ವರ್ಷದಲ್ಲಿ ನೀವು ಯಾರಾದ್ರೂ ನನ್ನ ಕಡೆ ಒಂದು ಬಾಲ್ ಹೊಡೆದಿದ್ರಾ?"

ಆ ಕಾಗದಕ್ಕೆ ನಾನು ಆರು ತಿಂಗಳು ಉತ್ತರ ಬರೀಲಿಲ್ಲ. ಬರೆದಾಗ್ಲೂ ಬೇರೆ ವಿಷಯ ಬರ್ದೆ.

ಆಬಟ್ ಕಥೆ ಅಲ್ಲಿಗೆ ಮುಗಿದಿದ್ರೆ ಪೇಪರ್ನೋರಿಗೆ ಅನುಕೂಲ ಆಗ್ತಿತ್ತು. ಯಾಂಕೀಸ್ ಬಿಟ್ಟ, ಶಿಕಾಗೋ ವೈಟ್ ಸಾಕ್ಸ್, ಅಲ್ಲಿಂದ ವಾಪಸ್ ಏಂಜಲ್ಸ್, ಕಟ್ಟರ್‌ನಲ್ಲಿದ್ದ ವೇಗ ಇಳೀತು. 1996ರಲ್ಲಿ 2 ಗೆಲುವು, 18 ಸೋಲು, ಇಆರ್‌ಎ 7.48. ಅಷ್ಟು ಸೋತ್ರೂ ಅವನ ಕೈಗೆ ಬಾಲ್ ಕೊಡ್ತಾ ಬಂದ್ರು ಅನ್ನೋದೂ, ಅವನು ಇಸ್ಕೋತಾ ಬಂದ ಅನ್ನೋದೂ ನನಗೆ ಆ ನೋ-ಹಿಟ್ಟರ್‌ಗಿಂತ ಜಾಸ್ತಿ ತಲೇಲಿ ಉಳಿದಿದೆ, ಯಾಕಂದ್ರೆ ಕನಿಕರಕ್ಕೆ ಒಂದು ಮ್ಯಾಚ್ ಆಡಿಸ್ಬಹುದು, ಇಪ್ಪತ್ತು ಸೋಲಿನ ಹತ್ರ ಹೋಗೋವರ್ಗೂ ಯಾರೂ ಆಡ್ಸಲ್ಲ. 1997 ಪೂರ್ತಿ ಆಡ್ಲಿಲ್ಲ. 1998ರಲ್ಲಿ ವೈಟ್ ಸಾಕ್ಸ್‌ನೋರ ಜೊತೆ ಸೇರಿ, ಮೊದಲ್ನೇ ಸಲ ತಪ್ಪಿಸ್ಕೊಂಡಿದ್ದ ಮೈನರ್ ಲೀಗ್ ಬಸ್ ಪ್ರಯಾಣನ ಮೂವತ್ತು ವಯಸ್ಸಲ್ಲಿ ಕೆಳಗಿಂದ ಮಾಡ್ಕೊಂಡು ಬಂದು ಸೆಪ್ಟೆಂಬರಲ್ಲಿ ಐದಕ್ಕೆ ಐದು ಗೆದ್ದ. 1999ರಲ್ಲಿ ಮಿಲ್ವಾಕಿ, 2 ಗೆಲುವು 8 ಸೋಲು, ಅಲ್ಲಿಗೆ ನಿಲ್ಸಿದ. ಒಟ್ಟು 87 ಗೆಲುವು, 108 ಸೋಲು.

ಮಿಲ್ವಾಕಿ ಇರೋ ನ್ಯಾಷನಲ್ ಲೀಗಲ್ಲಿ ಆಗ ಪಿಚರ್ರೂ ಬ್ಯಾಟ್ ಮಾಡ್ಬೇಕಿತ್ತು, ಅಲ್ಲಿವರೆಗೆ ಅವನಿದ್ದ ಅಮೆರಿಕನ್ ಲೀಗಲ್ಲಿ ಆ ಕಾಟ ಇರ್ಲಿಲ್ಲ. 21 ಸಲ ಬ್ಯಾಟ್ ಹಿಡ್ದು 2 ಹಿಟ್ ಹೊಡ್ದ, ಎರಡೂ ಶಿಕಾಗೋ ಕಬ್ಸ್‌ನ ಜಾನ್ ಲೀಬರ್ ಅನ್ನೋ ಒಬ್ಬನೇ ಪಿಚರ್ ಮೇಲೆ. ಇದನ್ನ ಸ್ಕೋರರ್‌ಗೆ ಇ-ಮೇಲಲ್ಲಿ ಬರ್ದೆ, ಆಗ ಅವನಿಗೂ ಇ-ಮೇಲ್ ಬಂದಿತ್ತು. "ಪರವಾಗಿಲ್ಲ, ಚಂದ್ರನ ಜಾತಿಯೋನೇ" ಅಂತ ಉತ್ತರ, ಮುಂದೆ, ಪಾಪ ಲೀಬರ್ ಅಂತ.

2009ರಲ್ಲಿ ಮಿಶಿಗನ್‌ನಲ್ಲಿ ಅವನ 31ನೇ ನಂಬರ್ ಜೆರ್ಸಿನ ಇನ್ಯಾರೂ ಹಾಕ್ಬಾರ್ದು ಅಂತ ನಿವೃತ್ತಿ ಮಾಡಿದ್ರು. ಮರು ವರ್ಷ ಡಿಸೆಂಬರಲ್ಲಿ ನಮ್ಮ ಬ್ಯಾಚಿನ ಇಪ್ಪತ್ತೈದು ವರ್ಷದ ಸಮಾರಂಭ, ಅದಕ್ಕೆ ನಾನು ಮೈಸೂರಿಗೆ ಬಂದೆ. ಹಾಸ್ಟೆಲ್ ಹಿಂದಿನ ಬಯಲಲ್ಲಿ ಅರ್ಧಕ್ಕೆ ಯಾವುದೋ ಬ್ಲಾಕ್ ಎದ್ದಿತ್ತು, ಮಿಕ್ಕ ಅರ್ಧದಲ್ಲಿ ಹೊಟ್ಟೆ ಬಿಟ್ಕೊಂಡು ಆಟಕ್ಕೆ ಇಳಿದ್ವಿ. ಸ್ಕೋರರ್ರೂ ಬಂದಿದ್ದ, ತಲೆ ಪೂರ್ತಿ ಬೆಳ್ಳಗೆ, ಕೈಲಿ ಊರುಗೋಲು, ಕಂಕುಳಲ್ಲಿ ಪೇಪರ್ ಸುತ್ತಿದ ಅದೇ ಉದ್ದ ನೋಟ್‌ಬುಕ್ಕು. ಯಾರೋ ಅಭ್ಯಾಸ ಬಲಕ್ಕೆ ಅವನಿಗೊಂದು ಕುರ್ಚಿ ಹಾಕಿದ್ರು. ಅವನು ನೋಟ್‌ಬುಕ್ಕನ್ನ ಕುರ್ಚಿ ಮೇಲಿಟ್ಟು, ನೇರ ಬೌಲರ್ ಹತ್ರ ಹೋಗಿ ಕೈ ಚಾಚ್ದ. ಒಂದು ನಿಮಿಷ ಯಾರೂ ಏನೂ ಮಾತಾಡ್ಲಿಲ್ಲ. ಬಾಲ್ ಕೊಟ್ರು.

ಬ್ಯಾಟಿಂಗಲ್ಲಿದ್ದೋನು ನಾನು. ಊರುಗೋಲು ಎಡಗೈಲಿ ಊರಿ, ನಿಂತ ಜಾಗದಿಂದ್ಲೇ ಹಾಕ್ದ. ಮೊದಲ್ನೇ ಬಾಲು ವೈಡು. ಎರಡನೇದು ಎಣ್ಣೆ ಡಬ್ಬದ ಪಕ್ಕ ಸವರ್ಕೊಂಡು ಹೋಯ್ತು, ನಾನು ಬೀಟ್ ಆದೆ, ಹಿಂದಿಂದ ಎಲ್ಲ ಕಿರುಚಿದ್ರು. ಮೂರನೇದಕ್ಕೆ ನಾನು ಬ್ಯಾಟ್ ಬೀಸ್ಲಿಲ್ಲ, ಸುಮ್ನೆ ಅಡ್ಡ ಹಿಡಿದೆ, ಬಾಲ್ ಹೋಗಿ ಅವನಿಂದ ಹತ್ತಡಿ ದೂರದಲ್ಲಿ ಸತ್ತು ಬಿತ್ತು. ಓಡ್ದೆ. ನಲವತ್ತೇಳು ವಯಸ್ಸು, ಮೊಣಕಾಲು ಕರಕರ ಅನ್ನುತ್ತೆ, ಆದ್ರೂ ಜೀವ ಬಿಟ್ಟು ಓಡ್ದೆ. ಅವನು ಊರುಗೋಲು ಊರ್ಕೊಂಡು ಬಂದು ಬಗ್ಗಿ ಬಾಲ್ ಎತ್ತಿ ಡಬ್ಬಕ್ಕೆ ಎಸ್ದ, ಒಂದು ಗೇಣು ತಪ್ಪಿತು, ಇಲ್ಲಾಂದ್ರೆ ನಾನು ಔಟು. ನನ್ನ ಕಡೆ ತಿರುಗಿ, ಈ ಮ್ಯಾಗಝೀನಲ್ಲಿ ಬರೆಯೋಕಾಗದ ಒಂದು ಮಾತು ಬೈದ.

ಸಂಜೆ ಕಾಫಿ ಹೊತ್ತಲ್ಲಿ ನೋಟ್‌ಬುಕ್ ಬಿಚ್ಚಿ, ಖಾಲಿ ಇದ್ದ ಕೊನೇ ಹಾಳೆಗೆ ಗೀಟು ಹಾಕಿ, ಬೌಲರ್ ಅನ್ನೋ ಕಡೆ ತನ್ನ ಹೆಸರು ಬರ್ಕೊಂಡ. ಒಂದು ವೈಡು, ಒಂದು ಚುಕ್ಕಿ, ಒಂದು ರನ್ನು. ಆ ಪುಟದ ಫೋಟೋ ಇದರ ಜೊತೆ ಕಳಿಸ್ತಿದೀನಿ, ಪೆನ್ಸಿಲ್ಲಲ್ಲಿ ಬರೆದಿದಾನೆ, ಪ್ರಿಂಟಲ್ಲಿ ಕಾಣುತ್ತಾ ನೋಡಮ್ಮ.